ಗದ್ದಲದ ನಡುವೆ ಕಿವಿ

ಶಬ್ದವನ್ನು ಹಿಗ್ಗಿಸಿದರೆ ಮಂದಗಿವಿಗೆ ಮಾತು ಕೇಳಿಸೀತೆಂಬುದು ಅರ್ಧ ಸತ್ಯ. ಊಟದ ಹೊತ್ತಿನ ಹೋಟೆಲಿನಲ್ಲಿ ಹಳೆಯ ಶ್ರವಣಯಂತ್ರವು ಗಿರಾಕಿಯ ಮಾತಿನೊಡನೆ ತಟ್ಟೆ ಲೋಟಗಳ ಸದ್ದನ್ನೂ ಹಿಗ್ಗಿಸಿ ಕಿವಿಗೆ ಸುರಿಯುತ್ತದೆ. ಬೈಗುಳ ಮಾತ್ರ ಮಾಣಿಯ ಪಾಲಿಗೆ. ಡೆನ್ಮಾರ್ಕಿನ ಓಟಿಕಾನ್ ಸಂಸ್ಥೆ 2021ರಲ್ಲಿ ಮಾರುಕಟ್ಟೆಗೆ ತಂದ ಯಂತ್ರಕ್ಕೆ ನಿತ್ಯಜೀವನದ 1 ಕೋಟಿ 20 ಲಕ್ಷ ಧ್ವನಿಮಾದರಿಗಳಿಂದ ಮಾತನ್ನೂ ಗದ್ದಲವನ್ನೂ ವಿಂಗಡಿಸುವ ಕೃತಕ ಬುದ್ಧಿಯನ್ನು ಕಲಿಸಲಾಗಿತ್ತು. ಅವುಗಳಲ್ಲಿ ಮಾಟುಂಗದ ಹೋಟೆಲಿನ ಗಲಾಟೆ ಸೇರಿತ್ತೆಂದು ನಮಗೆ ತೋರದು. ಇಂಥ ಯಂತ್ರಗಳ ಬೆಲೆಯಾದರೋ ಗುಮಾಸ್ತನ ಹಲವು ತಿಂಗಳ ಸಂಬಳ! ಅಲ್ಪಾದಾಯದ ಅಂಗವಿಕಲರಿಗೆ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಶ್ರವಣಯಂತ್ರ ದೊರೆಯುವುದುಂಟು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಹೊಸ ಯಂತ್ರಗಳನ್ನು ನಮ್ಮ ಹೋಟೆಲು, ಕಚೇರಿಗಳ ಗದ್ದಲದಲ್ಲಿಯೇ ಪರೀಕ್ಷಿಸಬೇಕು. ಗೆದ್ದುದನ್ನು ಸರ್ಕಾರವು ಆ ಯೋಜನೆಯ ಮೂಲಕ ಕೊಡಿಸಬೇಕೆಂದು ನಾವು ಒತ್ತಾಯಿಸುತ್ತೇವೆ.