ಮಕ್ಕಳ ಕಾಯಿಲೆಯೂ ಮನೆಯವರ ಅರಿವೂ

ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಸುತ್ತಣ ಪ್ರದೇಶವು ಕಾಫಿ ಮತ್ತು ಮೆಣಸಿನ ನಾಡು. ಮಳೆಗಾಲದಲ್ಲಿ ಅಲ್ಲಿ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ತೋಟದ ಲೈನ್ ಮನೆಯೊಂದರಲ್ಲಿ ಇಂತಹ ಒಂದು ರಾತ್ರಿ ಎರಡು ವರ್ಷದ ಮಗುವಿಗೆ ಜ್ವರವೂ ಕೆಮ್ಮೂ ಹೆಚ್ಚಿದುವೆಂದು ಭಾವಿಸೋಣ. ಈಗಲೇ ಆಸ್ಪತ್ರೆಗೆ ಹೊರಡಬೇಕೆ, ಬೆಳಗಾಗುವವರೆಗೆ ಕಾಯಬಹುದೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ವೈದ್ಯರಲ್ಲ, ಮಗುವಿನ ತಾಯಿತಂದೆಗಳು. ಚಿಕಿತ್ಸೆಯ ಮೊದಲನೆಯ ತೀರ್ಮಾನವು ಯಾವಾಗಲೂ ಮನೆಯಲ್ಲಿಯೇ ಆಗುತ್ತದೆ. ಆದರೂ ಆ ತೀರ್ಮಾನಕ್ಕೆ ಬೇಕಾದ ತಿಳಿವಳಿಕೆಯನ್ನು ಮನೆಯವರಿಗೆ ಒದಗಿಸುವ ವಿಷಯದಲ್ಲಿ ನಾವು ಉದಾಸೀನರಾಗಿದ್ದೇವೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ತಿಳಿವಳಿಕೆಗೆ ದೊಡ್ಡ ವಿದ್ಯೆಯೇನೂ ಬೇಡ. ಕೆಮ್ಮಿನ ವಿಷಯವನ್ನೇ ನೋಡಿ. ನೆಗಡಿಯ ಕೆಮ್ಮು ತಾನಾಗಿಯೇ ಮಾಯುವುದು, ನ್ಯುಮೋನಿಯ ಮಾಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳನ್ನು ಬಲಿ ತೆಗೆದುಕೊಳ್ಳುವ ಸೋಂಕುಗಳಲ್ಲಿ ಪ್ರಪಂಚದಲ್ಲಿ ಅದೇ ಇಂದಿಗೂ ಮುಂದಿದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ದ್ರವ ತುಂಬಿದಾಗ ಒಂದೊಂದು ಉಸಿರಿಗೂ ಒಳಸೇರುವ ಗಾಳಿ ಕಡಮೆಯಾಗುತ್ತದೆ. ಆ ಕೊರತೆಯನ್ನು ತುಂಬಿಕೊಳ್ಳಲು ಮಗು ಬೇಗಬೇಗ ಉಸಿರಾಡುತ್ತದೆ. 1980ರ ದಶಕದಲ್ಲಿ ಪಾಪುವಾ ನ್ಯೂಗಿನಿಯ ಫ್ರಾಂಕ್ ಶಾನ್ ಮೊದಲಾದ ವೈದ್ಯರ ಅನುಭವದಿಂದ, ಉಸಿರನ್ನು ಎಣಿಸಿಯೇ ನ್ಯುಮೋನಿಯವನ್ನು ಶಂಕಿಸಬಹುದೆಂಬುದು ಸ್ಪಷ್ಟವಾಯಿತು. ಮಗು ಅಳದೆ ಶಾಂತವಾಗಿರುವಾಗ ಅದರ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಅಥವಾ ಇವುಗಳಿಗಿಂತ ಹೆಚ್ಚಾದರೆ ವೈದ್ಯರಲ್ಲಿಗೆ ಹೊರಡಬೇಕು. ಉಸಿರೆಳೆಯುವಾಗ ಪಕ್ಕೆಗಳ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಕ್ಷಣವೂ ತಡಮಾಡಬಾರದು. ಇದಕ್ಕೆ ಬೇಕಾದ ಉಪಕರಣ ಒಂದು ಗಡಿಯಾರ ಮಾತ್ರ.

ಇನ್ನು ಭೇದಿ. ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುವುದೆಂಬ ನಂಬಿಕೆ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಮಗುವನ್ನು ಕೊಲ್ಲುವುದು ಬಹುಮಟ್ಟಿಗೆ ಭೇದಿಯಲ್ಲ, ಅದರೊಡನೆ ಹೊರಟುಹೋಗುವ ನೀರು ಮತ್ತು ಲವಣಗಳ ನಷ್ಟ. ಕರುಳು ಸಕ್ಕರೆಯನ್ನೂ ಸೋಡಿಯಮ್ಮನ್ನೂ ಜೊತೆಯಾಗಿ ಹೀರಿಕೊಳ್ಳುತ್ತದೆಂದು ರಾಬರ್ಟ್ ಕ್ರೇನ್ 1960ರಲ್ಲಿ ಸೂಚಿಸಿದರು. ಅವೆರಡರ ಹಿಂದೆ ನೀರೂ ಒಳಸೇರುತ್ತದೆ. ಭೇದಿಯ ಕಾಲದಲ್ಲಿಯೂ ಈ ವ್ಯವಸ್ಥೆ ಕೆಡುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಲ್ಲಿ ಕಾಲರಾ ಹರಡಿದಾಗ, ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಈ ತತ್ತ್ವವನ್ನು ಕಾರ್ಯಕ್ಕೆ ತಂದರು. ನರಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಿತ್ತು. ಅವರು ಉಪ್ಪು, ಸೋಡ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಯಲು ಕೊಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ನಮ್ಮ ವಾದಕ್ಕೆ ಮುಖ್ಯವಾದ ಅಂಶ ಇನ್ನೊಂದಿದೆ: ಅಂದು ಆ ದ್ರಾವಣವನ್ನು ರೋಗಿಗಳಿಗೆ ಕುಡಿಸಿದವರಲ್ಲಿ ಅವರ ಬಂಧುಗಳೇ ಬಹುಮಂದಿ. ಮನೆಯವರಿಂದ ಇದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇಂದು ಓ.ಆರ್.ಎಸ್. ಪೊಟ್ಟಣ ಅಂಗನವಾಡಿಯಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯಲ್ಲಿಯೂ ದೊರೆಯುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೇ ಬೆರೆಸಬೇಕು. ಲೋಟದಲ್ಲಿ ಸ್ವಲ್ಪಸ್ವಲ್ಪ ಕದಡುವುದು ತಪ್ಪು. ಚಮಚದಿಂದ ಮೆಲ್ಲಗೆ ಕುಡಿಸಬೇಕು. ಉಳಿದುದನ್ನು 24 ಗಂಟೆಗಳ ಬಳಿಕ ಚೆಲ್ಲಬೇಕು. ತಾಯಿಹಾಲನ್ನು ನಿಲ್ಲಿಸಬಾರದು, ಉಣ್ಣುವ ಮಗುವಿಗೆ ಗಂಜಿಯನ್ನೂ ಮಜ್ಜಿಗೆಯನ್ನೂ ಕೊಡಬಹುದು. ವೈದ್ಯರ ಸಲಹೆಯಂತೆ ಸತುವಿನ ಮಾತ್ರೆಯನ್ನು 14 ದಿನ ಕೊಡಬೇಕು. ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ಬೇಗ ಇಳಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಯೇ ಗತಿ.

ಜ್ವರದಲ್ಲಿ ಸೆಳವು ಬಂದರೆ ನಮ್ಮ ಜನ ಗಾಬರಿಗೊಂಡು ಮಗುವಿನ ಕೈಗೆ ಕಬ್ಬಿಣ ಹಿಡಿಸುವುದುಂಟು. ಕೆಲವೆಡೆ ಬರೆ ಹಾಕಿದ್ದೂ ಉಂಟು. ಇವುಗಳಿಂದ ಫಲವಿಲ್ಲ, ಬರೆಯಿಂದ ಹಾನಿಯೇ ಹೆಚ್ಚು. ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎದೆಹಾಲನ್ನಾಗಲಿ ನೀರನ್ನಾಗಲಿ ಕುಡಿಯಲಾರದ, ಕುಡಿದುದನ್ನೆಲ್ಲ ಕಕ್ಕುವ, ಮಂಕಾಗಿ ಎಚ್ಚರಗೊಳ್ಳದ ಮಗುವಿನ ವಿಷಯದಲ್ಲಿಯೂ ವಿಳಂಬ ಕೂಡದು. ಎರಡು ತಿಂಗಳೊಳಗಿನ ಕೂಸಿಗೆ ಬಂದ ಯಾವ ಜ್ವರವನ್ನೂ ಹಗುರವಾಗಿ ಎಣಿಸಬಾರದು.

ತಾಯಿತಂದೆಗಳಿಗೆ ಇಷ್ಟೆಲ್ಲ ಕಲಿಸಿದರೆ ಅವರೇ ವೈದ್ಯರಾಗಿಬಿಡುವರೆಂದು ಕೆಲವರು ಆಕ್ಷೇಪಿಸಬಹುದು. ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ತಿಳಿವಳಿಕೆ ಇಲ್ಲದೆಡೆಯಲ್ಲಿಯೇ ಜನ ಅಂಗಡಿಯಿಂದ ಔಷಧ ತಂದು ಕುಡಿಸುತ್ತಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಪ್ರದೇಶದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ಪಿನಿಂದ ಅನೇಕ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಅಲ್ಲಿನ ದೋಷ ತಯಾರಕರದು, ತಪಾಸಣೆಯದು, ತಂದೆತಾಯಿಗಳದಲ್ಲ. ಆದರೆ ಎಳೆಯ ಮಕ್ಕಳ ಸಾಮಾನ್ಯ ಕೆಮ್ಮಿಗೆ ಇಂತಹ ಸಿರಪ್ಪು ಬೇಕೇ ಇಲ್ಲವೆಂಬ ಅರಿವು ಎಲ್ಲೆಡೆ ಇದ್ದಿದ್ದರೆ ಅದಕ್ಕೆ ಅಷ್ಟು ಬೇಡಿಕೆಯೇ ಇರುತ್ತಿರಲಿಲ್ಲ. ಯಾವಾಗ ಔಷಧ ಬೇಡವೆಂಬುದನ್ನೂ ಯಾವಾಗ ವೈದ್ಯರು ಬೇಕೆಂಬುದನ್ನೂ ಬಲ್ಲವರು ವೈದ್ಯರಿಗೆ ಪ್ರತಿಸ್ಪರ್ಧಿಗಳಲ್ಲ, ಸಹಾಯಕರು.

ಅರಿವೊಂದಿದ್ದರೆ ಸಾಕೆಂದು ನಾವು ಹೇಳುವುದಿಲ್ಲ. ಒಂದು ದಿನದ ಕೂಲಿ ಹೋಗುವುದೆಂಬ ಭಯದಿಂದ ಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳುವ ತಾಯಿಗೆ ಬರಿಯ ಉಪದೇಶ ಸಾಲದು. ರಸ್ತೆ ಬೇಕು, ವಾಹನ ಬೇಕು, ಆಸ್ಪತ್ರೆಯಲ್ಲಿ ವೈದ್ಯರಿರಬೇಕು. ಇವು ಸರ್ಕಾರದ ಹಾಗೂ ತೋಟದ ಮಾಲೀಕರ ಹೊಣೆ. ಉಸಿರೆಣಿಸಿ ಅಪಾಯವನ್ನು ಗುರುತಿಸಿದ ತಾಯಿಯ ಮುಂದೆ ಆಸ್ಪತ್ರೆಯ ಬಾಗಿಲು ಮುಚ್ಚಿದ್ದರೆ ಅವಳ ಅರಿವು ಸಂಕಟವನ್ನೇ ಹೆಚ್ಚಿಸುವುದು.

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ. ಶ್ವಾಸಾಂಗದ ಪಾಠವನ್ನೂ ಜೀರ್ಣಾಂಗದ ಪಾಠವನ್ನೂ ನೀವು ಪರೀಕ್ಷೆಗಾಗಿ ಓದಿದ್ದೀರಿ. ನಿಮ್ಮಲ್ಲಿ ಎಷ್ಟೋ ಮಂದಿ ತೋಟಕ್ಕೆ ಹೋದ ತಾಯಿಯ ಬದಲು ತಮ್ಮತಂಗಿಯರನ್ನು ನೋಡಿಕೊಳ್ಳುವವರು. ಮಲಗಿರುವ ಮಗುವಿನ ಉಸಿರನ್ನು ಇಂದೇ ಒಮ್ಮೆ ಎಣಿಸಿ ಅಭ್ಯಾಸ ಮಾಡಿರಿ. ಮನೆಯಲ್ಲಿ ಒಂದು ಲೀಟರಿನ ಪಾತ್ರೆ ಯಾವುದೆಂದು ಗುರುತು ಮಾಡಿ ಇಡಿರಿ. ಮೇಲಣ ಅಂಕೆಗಳನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಶಾಲೆಗಳು ಇದನ್ನು ಪ್ರಯೋಗಪಾಠವಾಗಿ ಕಲಿಸುವ ದಿನ ಬೇಗ ಬರಲಿ. ಅಲ್ಲಿಯವರೆಗೆ ಕಾಯಬೇಕಾದ ಅಗತ್ಯ ನಿಮಗಿಲ್ಲ.