ಮಳೆಯ ಲೆಕ್ಕ ಯಾರಿಗಾಗಿ?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಾಲೂರಿನ ತರಕಾರಿ, ಮುಳಬಾಗಿಲಿನ ರಾಗಿ, ಶ್ರೀನಿವಾಸಪುರದ ಮಾವು ಎಲ್ಲವೂ ಮಳೆ, ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿವೆ. 2021ರ ನವೆಂಬರ್‌ನಲ್ಲಿ ಅಕಾಲಿಕ ಮಳೆ ಸುರಿದಾಗ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಹಾಳಾಯಿತು. ಇಂತಹ ನಷ್ಟ ರೈತನಲ್ಲಿಗೇ ನಿಲ್ಲುವುದಿಲ್ಲ. ಮಂಡಿ ವರ್ತಕ, ಹಮಾಲಿ, ಗಾಡಿ ಚಾಲಕರ ಮನೆಯ ಒಲೆಗೂ ಅದು ತಟ್ಟುತ್ತದೆ.

ಚಂಡಮಾರುತ ಮತ್ತು ಕ್ಷಾಮಗಳ ಕಹಿ ಅನುಭವದ ನಂತರ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿಕೊಂಡಿತು. 1988ರಲ್ಲಿ ಕರ್ನಾಟಕವು ಬರ ನಿಗಾ ಘಟಕವನ್ನು ಸ್ಥಾಪಿಸಿತು. ಅದುವೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳು ಬಂದಿವೆ. ಇದು ಶ್ಲಾಘನೀಯ.

ಆದರೆ 2024ರ ಆರಂಭದಲ್ಲಿ ಕೇಂದ್ರ ಸರಕಾರವು ಸ್ಥಳೀಯ ರೈತರಿಗೆ ಸಲಹೆ ನೀಡುತ್ತಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 2,000 ಕೋಟಿ ರೂ.ಗಳ ‘ಮಿಷನ್ ಮೌಸಮ್’ಗೆ ಸಂಪುಟ ಒಪ್ಪಿಗೆ ನೀಡಿತು. ರಾಡಾರ್ ಖರೀದಿಗೆ ಹಣವಿರುವಾಗ ಅದರ ಮಾತನ್ನು ರೈತನ ಭಾಷೆಯಲ್ಲಿ ತಿಳಿಸುವವನಿಗೆ ಸಂಬಳವಿಲ್ಲವೇ?

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಾಪಕದ ಅಂಕಿಯಿಂದಲೇ ಹೊರತು ತೋಟದ ಸ್ಥಿತಿಯಿಂದಲ್ಲ. ಮಾಪಕ ಕೆಟ್ಟರೆ ಬಡವನ ಹಕ್ಕೂ ಕೆಡುತ್ತದೆ. ಆದ್ದರಿಂದ ಪ್ರತಿ ಪಂಚಾಯಿತಿ ಮತ್ತು ಮಂಡಿಯ ಫಲಕದಲ್ಲಿ ಅಂದಂದಿನ ಮಳೆಯ ಅಂಕಿ, ಮುನ್ಸೂಚನೆಗಳು ಕನ್ನಡದಲ್ಲಿ, ಅಗತ್ಯವಿದ್ದಲ್ಲಿ ಉರ್ದು, ತೆಲುಗಿನಲ್ಲಿ ಪ್ರಕಟವಾಗಲಿ. ಅದನ್ನು ಕೇಳಿ ಪಡೆಯುವ ಹೊಣೆ ಪೇಟೆಯವರಾದ ನಮ್ಮದೂ ಹೌದು.