ಘಟ್ಟ ಹತ್ತಿಸಿದವರನ್ನು ಮರೆಯದಿರೋಣ

ರಾಜಧಾನಿಯಿಂದ ಕಡಲೂರಿಗೆ ರೈಲು ಪ್ರಯಾಣ ಎಂದೊಡನೆ ನಮ್ಮವರು ಕೇಳುವ ಮೊದಲ ಪ್ರಶ್ನೆ ಒಂದೇ: “ಟಿಕೇಟು ಸಿಕ್ಕಿತೇ?” ಮೊಂತಿ ಹಬ್ಬ, ಕ್ರಿಸ್ಮಸ್, ಮೇ ತಿಂಗಳ ಮದುವೆಗಳು, ಇಂತಹ ದಿನಗಳಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೊರಡುವ ರಾತ್ರಿ ರೈಲಿನಲ್ಲಿ ಒಂದು ಬರ್ತ್ ದೊರೆಯಿತೆಂದರೆ ಅರ್ಧ ಹಬ್ಬ ಆದಂತೆಯೇ. ಹೊದ್ದು ಮಲಗಿದರಾಯಿತು, ಕಣ್ಣು ತೆರೆಯುವ ಹೊತ್ತಿಗೆ ತೆಂಗು ಕಂಗುಗಳ ನಡುವೆ ಬೆಳಕು ಹರಿದಿರುತ್ತದೆ. ನಡುವೆ ಏನನ್ನು ದಾಟಿ ಬಂದೆವು, ಯಾರು ನಮ್ಮನ್ನು ದಾಟಿಸಿದರು ಎಂಬುದು ನಮಗೆ ತಿಳಿಯುವುದೇ ಇಲ್ಲ. ಈ ತಿಳಿಯದಿರುವಿಕೆಯ ಕುರಿತು ಈ ವಾರ ಓದುಗರೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಲು ಇಚ್ಛಿಸುತ್ತೇವೆ.

2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಕೆಲಸ ಮುಗಿಸಿ ನಮ್ಮ ಧರ್ಮಕೇಂದ್ರಕ್ಕೆ ಹಿಂದಿರುಗಬೇಕಾಗಿತ್ತು. ಮೊಂತಿ ಹಬ್ಬದ ನೊವೇನ ನಡೆಯುತ್ತಿದ್ದ ದಿನಗಳವು. ರಾತ್ರಿ ರೈಲಿನಲ್ಲಿ ಸ್ಥಳವಿಲ್ಲದ ಕಾರಣ ಹಗಲು ರೈಲನ್ನೇ ಹತ್ತಬೇಕಾಯಿತು. ಅನಿವಾರ್ಯವಾಗಿ ಬಂದುದು ಅನುಗ್ರಹವಾಗಿ ಪರಿಣಮಿಸಿತು. ಎದುರು ಆಸನದಲ್ಲಿ ನಮ್ಮದೇ ಸಮುದಾಯದ ಒಂದು ಕುಟುಂಬವಿತ್ತು: ಸಾಫ್ಟ್‌ವೇರ್ ಉದ್ಯೋಗಿಯಾದ ತಂದೆ, ತಾಯಿ, ಎಂಟು ವರ್ಷದ ಮಗಳು. ಪಕ್ಕದಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು.

ಈ ಹಾದಿ ಸುಲಭವಾಗಿ ದೊರೆತುದಲ್ಲ. ಮಂಗಳೂರಿಗೆ ರೈಲು 1907ರಲ್ಲಿಯೇ ಬಂದಿತ್ತು. ಆದರೆ ಅದು ಬಂದದ್ದು ಮದರಾಸಿನ ಕಡೆಯಿಂದ, ಮಲಬಾರಿನ ಮೂಲಕ. ಬೆಂಗಳೂರಿನಿಂದ ರೈಲಿನಲ್ಲಿಯೇ ಬರುವೆನೆಂದವರು ಪಾಲಕ್ಕಾಡು, ಷೊರನೂರುಗಳನ್ನು ಸುತ್ತಿ ಬರಬೇಕಾಗಿತ್ತು. ಮಂಗಳೂರಿನ ಹದಿನಾರರ ಹುಡುಗ ಜಾರ್ಜ್ ಫೆರ್ನಾಂಡಿಸ್ 1946ರಲ್ಲಿ ಗುರುದೀಕ್ಷೆಯ ತರಬೇತಿಗಾಗಿ ಬೆಂಗಳೂರಿನ ಸೆಮಿನರಿಗೆ ಹೊರಟಾಗ ನಮ್ಮ ಘಟ್ಟದ ಮೇಲೆ ಹಳಿಯೇ ಇರಲಿಲ್ಲ. ಸೆಮಿನರಿಯನ್ನು ತೊರೆದು ಮುಂಬಯಿ ಸೇರಿದ ಅವರು 1989ರಲ್ಲಿ ದೇಶದ ರೈಲ್ವೆ ಸಚಿವರಾದರು. ಅವರ ಅವಧಿಯಲ್ಲಿ ರೂಪುಗೊಂಡ ಕೊಂಕಣ ರೈಲ್ವೆ ನಿಗಮವು 1998ರ ಹೊತ್ತಿಗೆ ಮುಂಬಯಿಯನ್ನು ಮಂಗಳೂರಿಗೆ ಜೋಡಿಸಿತು. ಘಟ್ಟದ ಹಾದಿಯ ಕಥೆ ಬೇರೆ. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ಣಗೊಂಡಿತು. 1996ರಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗಾಗಿ ಘಟ್ಟದಲ್ಲಿ ಸಂಚಾರ ನಿಂತಿತು. ಹನ್ನೊಂದು ವರ್ಷಗಳ ಬಳಿಕ, 2007ರ ಡಿಸೆಂಬರಿನಲ್ಲಿ, ಪ್ರಯಾಣಿಕರ ರೈಲು ಮರಳಿತು. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ನೇರ ಹಳಿ ಬಂದು ದಾರಿ ಕಿರಿದಾಯಿತು. 2021ರ ಜುಲೈಯಲ್ಲಿ ಹಗಲು ರೈಲುಗಳಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯೂ ಸೇರಿತು.

ಸಕಲೇಶಪುರದಲ್ಲಿ ರೈಲು ಕೆಲಹೊತ್ತು ನಿಂತಿತು. ಇಳಿಯುವ ಮುನ್ನ ಬ್ರೇಕುಗಳನ್ನು ಪರೀಕ್ಷಿಸಬೇಕು. ಪಕ್ಕದ ಹಳಿಯ ಮೇಲೆ, ಬೋಗಿಗಳಿಲ್ಲದ ಒಂದು ಎಂಜಿನ್ ಒಂಟಿಯಾಗಿ ನಿಂತಿತ್ತು.

“ಫಾದರ್, ಅದಕ್ಕೆ ರೈಲು ಯಾಕಿಲ್ಲ?” ಎಂದು ಮಗು ಕೇಳಿತು.

ನಮಗೆ ಉತ್ತರ ಗೊತ್ತಿರಲಿಲ್ಲ. ನಿವೃತ್ತ ಹಿರಿಯರು ನಸುನಕ್ಕರು. “ಅದು ಬ್ಯಾಂಕರ್ ಎಂಜಿನ್, ಪುಟ್ಟಾ. ಕೆಳಗಿನಿಂದ ರೈಲು ಘಟ್ಟ ಹತ್ತಬೇಕಾದರೆ ಮುಂದಿನ ಎಂಜಿನ್ ಒಂದರಿಂದಲೇ ಆಗುವುದಿಲ್ಲ. ಸುಬ್ರಹ್ಮಣ್ಯ ರೋಡಿನಲ್ಲಿ ಹಿಂದುಗಡೆ ಇದನ್ನು ಕಟ್ಟುತ್ತಾರೆ. ಇದು ಹಿಂದಿನಿಂದ ತಳ್ಳುತ್ತಾ ಇಲ್ಲಿಯವರೆಗೆ ಬರುತ್ತದೆ. ಇಲ್ಲಿ ಬಿಚ್ಚಿಬಿಡುತ್ತಾರೆ. ರೈಲು ಬೆಂಗಳೂರಿಗೆ ಹೋಗುತ್ತದೆ, ಇದು ತಿರುಗಿ ಕೆಳಗೆ.”

“ಬೆಂಗಳೂರನ್ನು ಅದು ನೋಡಿಯೇ ಇಲ್ಲವಾ?” ಎಂದಿತು ಮಗು. ಹಿರಿಯರು ಇಲ್ಲವೆಂಬಂತೆ ತಲೆಯಾಡಿಸಿದರು.

ರೈಲು ಇಳಿಯತೊಡಗಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು. ಈ ಹಾದಿಯಲ್ಲಿ ಐವತ್ತು ಅಡಿ ಸಾಗಿದರೆ ಒಂದು ಅಡಿ ಏರು. ರಸ್ತೆಯ ವಾಹನಕ್ಕೆ ಇದು ಲೆಕ್ಕಕ್ಕೇ ಬಾರದ ಏರು. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಮಳೆಗಾಲದಲ್ಲಿ ಇನ್ನೂ ಕಡಿಮೆ. ಆದುದರಿಂದಲೇ ಹತ್ತುವವರಿಗೆ ಹಿಂದಿನ ತಳ್ಳು ಬೇಕು. ಇಳಿಯುವವರಿಗೆ ಗಂಟೆಗೆ 30 ಕಿಲೋಮೀಟರಿನ ಮಿತಿ. ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಮಗು ಸುರಂಗಗಳನ್ನು ಎಣಿಸತೊಡಗಿ ಇಪ್ಪತ್ತರ ಬಳಿಕ ಲೆಕ್ಕ ತಪ್ಪಿ ಅತ್ತಿತು. ಕಡಗರವಳ್ಳಿ ಕಳೆದು ಎಡಕುಮೇರಿಯತ್ತ ಸಾಗುವಾಗ ರೈಲು ಇನ್ನಷ್ಟು ನಿಧಾನವಾಯಿತು. ಆ ವರ್ಷದ ಜುಲೈ 26ರಂದು ಅಲ್ಲಿಯೇ ಗುಡ್ಡ ಕುಸಿದು ಹಳಿಯ ಬುಡದ ಮಣ್ಣು ಕೊಚ್ಚಿಹೋಗಿತ್ತು. ಸುರಿಯುವ ಮಳೆಯಲ್ಲಿ ನೂರಾರು ಕಾರ್ಮಿಕರು ಹಗಲಿರುಳು ದುಡಿದು ಆಗಸ್ಟಿನಲ್ಲಿ ಹಾದಿಯನ್ನು ಮತ್ತೆ ತೆರೆದಿದ್ದರು. ಹಳಿಯ ಬದಿಯಲ್ಲಿ ಕಂಬಳಿ ಕೊಪ್ಪೆ ಹೊದ್ದು ನಿಂತಿದ್ದ ಗ್ಯಾಂಗ್‌ಮನ್‌ಗಳು ಕಂಡರು. ರಾತ್ರಿ ರೈಲಿನಲ್ಲಿ ನಾವು ಮಲಗಿರುವಾಗ ಇವರೇ ಟಾರ್ಚ್ ಹಿಡಿದು ಹಳಿಯುದ್ದಕ್ಕೂ ನಡೆಯುತ್ತಾರೆ. ಅದೆಷ್ಟು ವರ್ಷ ಈ ಹಾದಿಯಲ್ಲಿ ಓಡಾಡಿದ್ದೇವೆ! ಅವರ ಮುಖವನ್ನು ಕಂಡದ್ದು ಅಂದೇ ಮೊದಲು.

ಮಾತು ಊರಿನತ್ತ ಹೊರಳಿತು. ಯುವಕನ ಮನೆ ಬಂಟ್ವಾಳದ ಸಮೀಪದ ಹಳ್ಳಿಯಲ್ಲಿ. ತಂದೆ ತೀರಿಕೊಂಡಿದ್ದಾರೆ. ಎಪ್ಪತ್ತೆಂಟರ ತಾಯಿ ಒಬ್ಬರೇ ಇದ್ದಾರೆ. ನೋಡಿಕೊಳ್ಳಲು ಹೋಮ್ ನರ್ಸ್ ಇದ್ದಾಳೆ.

“ತಿಂಗಳು ತಿಂಗಳು ದುಡ್ಡು ಕಳಿಸ್ತೇನೆ ಫಾದರ್. ಮನೆಗೆ ಕ್ಯಾಮೆರಾ ಹಾಕಿಸಿದ್ದೇನೆ. ಆಫೀಸಿನಿಂದಲೇ ಅಮ್ಮನನ್ನು ನೋಡ್ಬಹುದು. ಯಾವುದಕ್ಕೂ ಕಡಿಮೆ ಮಾಡಿಲ್ಲ,” ಎಂದನು.

ಹಿಂದಿರುಗುವುದು ಯಾವಾಗ ಎಂದು ಕೇಳಿದೆವು. ಹಬ್ಬದ ರಾತ್ರಿಯೇ ಟಿಕೇಟು ಆಗಿತ್ತು.

ಆತ ಕೆಟ್ಟ ಮಗನಲ್ಲ. ನಮ್ಮ ಎಷ್ಟೋ ಕುಟುಂಬಗಳ ಒಳ್ಳೆಯ ಮಕ್ಕಳಂತೆಯೇ ಆತನೂ ಒಬ್ಬ. ಆದರೆ ಸಕಲೇಶಪುರದಲ್ಲಿ ಕಂಡ ಆ ಒಂಟಿ ಎಂಜಿನ್ ನಮ್ಮ ಕಣ್ಣ ಮುಂದಿನಿಂದ ಸರಿಯಲಿಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ಇಂದು ಒಬ್ಬೊಬ್ಬರೇ ಕುಳಿತಿರುವ ತಾಯಿ ತಂದೆಯರು ಯಾರು? ಬೀಡಿ ಕಟ್ಟಿ, ಮಲ್ಲಿಗೆ ಮಾರಿ, ಗೇಣಿಯ ಗದ್ದೆಯಲ್ಲಿ ದುಡಿದು, ಮಕ್ಕಳನ್ನು ಹಿಂದಿನಿಂದ ತಳ್ಳಿ ಘಟ್ಟ ಹತ್ತಿಸಿದವರು. ಮಕ್ಕಳು ಮೇಲೆ ತಲಪಿದೊಡನೆ ಕೊಂಡಿ ಬಿಚ್ಚಿತು. ರೈಲು ರಾಜಧಾನಿಗೆ ಹೋಯಿತು, ದುಬೈಗೆ ಹೋಯಿತು, ಕೆನಡಾಕ್ಕೆ ಹೋಯಿತು. ತಳ್ಳಿದವರು ಕೆಳಗೆ ಉಳಿದರು.

ಎಂಜಿನ್ನಿನ ವಿಷಯದಲ್ಲಿ ಇದು ನ್ಯಾಯವೇ. ಅದು ಯಂತ್ರ, ಅದರ ಕೆಲಸ ಮುಗಿಯಿತು. ಮನುಷ್ಯರ ವಿಷಯದಲ್ಲಿ ಹಾಗೆ ಹೇಳಲಾಗದು. ನ್ಯಾಯವೆಂದರೆ ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಂದು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲೇ ನಾವು ಕಲಿತಿದ್ದೇವೆ. ಸಾಲ ಪಡೆದಷ್ಟನ್ನು ಹಿಂದಿರುಗಿಸಿದರೆ ಲೆಕ್ಕ ಚುಕ್ತಾ. ಆದರೆ ಕೆಲವು ಋಣಗಳಿಗೆ ಈ ಲೆಕ್ಕ ಸಲ್ಲದೆಂಬುದನ್ನು ಅರಿಸ್ಟಾಟಲನು ಕಂಡುಕೊಂಡಿದ್ದನು: ದೇವರಿಗೂ ತಂದೆತಾಯಿಯರಿಗೂ ಸರಿಸಮನಾಗಿ ಹಿಂದಿರುಗಿಸಲು ಯಾರಿಂದಲೂ ಆಗದು. ಸಂತ ತೋಮಾಸ್ ಅಕ್ವಿನಾಸರು ಇದೇ ವಿಚಾರವನ್ನು ಮುಂದುವರಿಸಿ, ಹೆತ್ತವರ ಕುರಿತಾದ ಭಕ್ತಿಯನ್ನು ನ್ಯಾಯಕ್ಕೆ ಸೇರಿದ, ಆದರೆ ಅದರ ಲೆಕ್ಕಾಚಾರವನ್ನು ಮೀರಿದ ಒಂದು ಸದ್ಗುಣವೆಂದು ವಿವರಿಸಿದರು. ತಿಂಗಳ ಹಣ ಅಗತ್ಯ. ಅದನ್ನೂ ಕಳುಹಿಸದವರಿರುವಾಗ ಕಳುಹಿಸುವವರನ್ನು ಹಳಿಯಲಾಗದು. ಆದರೆ ಹಣದಿಂದ ಋಣ ತೀರಿತೆಂದು ನಂಬಿದಲ್ಲಿ ನಾವು ತಾಯಿಯನ್ನು ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಿಸಿದಂತಾಗುತ್ತದೆ. ತೀರದ ಋಣಕ್ಕೆ ಕೊಡಬಹುದಾದದ್ದು ಒಂದೇ: ನಮ್ಮ ಸಮಯ, ನಮ್ಮ ಇರವು.

ಇದನ್ನು ಪೀಠದ ಮೇಲೆ ನಿಂತು ಹೇಳುತ್ತಿಲ್ಲ. ನಮ್ಮ ತಾಯಿಯೂ ಬೀಡಿ ಕಟ್ಟಿಯೇ ನಮ್ಮನ್ನು ಸೆಮಿನರಿಗೆ ಕಳುಹಿಸಿದವರು. ತೊಂಬತ್ತರ ದಶಕದ ಆರಂಭದಲ್ಲಿ ಕಬಕ ಪುತ್ತೂರು ನಿಲ್ದಾಣದಲ್ಲಿ ಮೀಟರ್ ಗೇಜ್ ರೈಲಿಗೆ ನಮ್ಮನ್ನು ಹತ್ತಿಸಿ, ಉಪ್ಪಿನಕಾಯಿಯ ಭರಣಿಯನ್ನು ಕಿಟಕಿಯಿಂದ ಒಳಗೆ ನೀಡಿ, ರೈಲು ತಿರುವಿನಲ್ಲಿ ಮರೆಯಾಗುವ ತನಕ ನಿಂತಿರುತ್ತಿದ್ದರು. ರೈಲು ನಿಂತ ವರ್ಷಗಳಲ್ಲಿ ಬೆಂಗಳೂರಿನಿಂದ ಊರಿಗೆ ಬರುವುದೆಂದರೆ ಶಿರಾಡಿ ಘಾಟಿಯ ಹೊಂಡಗಳಲ್ಲಿ ಇಡೀ ರಾತ್ರಿ ಬಸ್ಸಿನ ಕುಲುಕಾಟ. ಬಂದ ಆಯಾಸಕ್ಕೆ ಮೂರು ನಾಲ್ಕು ದಿನವಾದರೂ ಉಳಿಯುತ್ತಿದ್ದೆವು. 2007ರ ಕೊನೆಗೆ ರೈಲು ಮರಳಿದಾಗ ತಾಯಿಗೆ ಫೋನಿನಲ್ಲಿ ತಿಳಿಸಿದೆವು: “ಇನ್ನು ಆಗಾಗ ಬರಬಹುದು.” ಬಂದದ್ದೂ ನಿಜ. ಬೆಳಿಗ್ಗೆ ಇಳಿದು, ಮಧ್ಯಾಹ್ನ ಉಂಡು, ರಾತ್ರಿಯ ರೈಲಿಗೆ ಹಿಂದಿರುಗುತ್ತಿದ್ದೆವು. ಕೆಲಸಗಳಿದ್ದವು, ಎಲ್ಲವೂ ದೇವರ ಕೆಲಸಗಳೇ. ಒಮ್ಮೆ ಚೀಲ ಹೆಗಲಿಗೇರಿಸಿ ಹೊರಟಾಗ ತಾಯಿ ಜಗಲಿಯಲ್ಲಿ ಕುಳಿತು, ನಗುತ್ತಲೇ ಅಂದರು: “ರೈಲು ಇಲ್ಲದಿದ್ದಾಗಲೇ ಚೆನ್ನಾಗಿತ್ತು ಮಗಾ.” ನಾವೂ ನಕ್ಕು ಹೊರಟುಬಿಟ್ಟೆವು. ಆ ಮಳೆಗಾಲ ಮುಗಿಯುವ ಮುನ್ನ ಅವರು ತೀರಿಕೊಂಡರು. ಅಂತ್ಯಕ್ರಿಯೆಯ ಬಲಿಪೂಜೆಯನ್ನು ನಾವೇ ಅರ್ಪಿಸಿದೆವು. ಆ ಬಾರಿ ಊರಿನಲ್ಲಿ ಏಳು ದಿನ ಉಳಿದೆವು. ಏಳು ದಿನಗಳ ರಜೆ ದೊರೆಯಬಹುದಾಗಿತ್ತು ಎಂಬುದು ನಮಗೆ ಆಗ ತಿಳಿಯಿತು.

ದಾರಿ ಸುಗಮವಾದಷ್ಟೂ ಮನೆಯಲ್ಲಿ ಉಳಿಯುವ ಹೊತ್ತು ಕಡಿಮೆಯಾಗುವುದು ವಿಚಿತ್ರವಾದರೂ ಸತ್ಯ. ಕಷ್ಟಪಟ್ಟು ಬಂದವನು ಕೂರುತ್ತಾನೆ. ಸುಲಭವಾಗಿ ಬಂದವನು ಇನ್ನೊಮ್ಮೆ ಬರುವೆನೆಂದು ಏಳುತ್ತಾನೆ. ರೈಲಿನ ದೋಷವಲ್ಲ ಇದು. ದೂರವನ್ನು ಕಿರಿದುಗೊಳಿಸುವುದು ರೈಲಿನ ಕೆಲಸ. ಹತ್ತಿರವಾಗುವುದು ನಮ್ಮ ಕೆಲಸ.

ಇಲ್ಲಿ ಧರ್ಮಸಭೆಯವರಾದ ನಾವೂ ನಮ್ಮ ಎದೆ ಮುಟ್ಟಿಕೊಳ್ಳಬೇಕಾಗಿದೆ. ಹಬ್ಬಕ್ಕೆ ಊರಿಗೆ ಬಂದ ಮಕ್ಕಳನ್ನು ನಾವು ಮೊದಲು ಭೇಟಿಯಾಗುವುದು ಯಾವುದಕ್ಕೆ? ಗೋಪುರದ ದುರಸ್ತಿಗೆ, ಸಭಾಂಗಣದ ನೆಲಕ್ಕೆ, ಶಾಲೆಯ ಹೊಸ ಕಟ್ಟಡಕ್ಕೆ. ರಸೀದಿ ಹರಿಯುತ್ತೇವೆ, ಹೆಸರನ್ನು ಶಿಲಾಫಲಕದಲ್ಲಿ ಕೆತ್ತಿಸುತ್ತೇವೆ. “ತಾಯಿಯ ಬಳಿ ಎಷ್ಟು ದಿನ ಇರುತ್ತೀ?” ಎಂದು ಕೇಳುವ ಗುರುಗಳು ನಮ್ಮಲ್ಲಿ ಎಷ್ಟು ಮಂದಿ? ಹೆತ್ತವರಿಗೆ ಸಲ್ಲಬೇಕಾದುದನ್ನು ದೇವರಿಗೆ ಮುಡಿಪೆಂದು ಘೋಷಿಸಿ ಕೈತೊಳೆದುಕೊಳ್ಳುತ್ತಿದ್ದ ಪದ್ಧತಿಯನ್ನು ಪ್ರಭು ಯೇಸುಸ್ವಾಮಿಯವರು ಎಷ್ಟು ಕಟುವಾಗಿ ಖಂಡಿಸಿದರೆಂಬುದನ್ನು ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಮಾತು ಅಂದಿನ ಫರಿಸಾಯರಿಗೆ ಮಾತ್ರ ಮೀಸಲೆಂದು ಭಾವಿಸುವುದು ಬೇಡ. ನಾಲ್ಕನೆಯ ಆಜ್ಞೆಗೆ ಕಾಣಿಕೆಡಬ್ಬಿಯಲ್ಲಿ ವಿನಾಯಿತಿ ದೊರೆಯದು.

ಹಾಗಾದರೆ ಮಾಡಬೇಕಾದುದೇನು? ಉದ್ಯೋಗ ಬಿಟ್ಟು ಊರಿಗೆ ಬನ್ನಿರೆಂದು ನಾವು ಹೇಳುವುದಿಲ್ಲ. ಘಟ್ಟ ಹತ್ತಿಸಿದವರಿಗೇ ಅದು ಬೇಕಾಗಿಲ್ಲ. ವರ್ಷಕ್ಕೊಮ್ಮೆಯಾದರೂ, ಮಕ್ಕಳೊಡನೆ, ಹಗಲು ರೈಲಿನಲ್ಲಿ ಬನ್ನಿ. ಕಿಟಕಿಯ ಬಳಿ ಮಕ್ಕಳನ್ನು ಕೂರಿಸಿ ಈ ಘಟ್ಟವನ್ನು ತೋರಿಸಿ. ಅಜ್ಜ ಅಜ್ಜಿಯರು ಏನನ್ನು ದಾಟಿಸಿ ನಮ್ಮನ್ನು ಮೇಲೆ ಕಳುಹಿಸಿದರೆಂಬುದನ್ನು ಹೇಳಿ. ಬರುವ ಟಿಕೇಟನ್ನು ತೆಗೆದ ದಿನವೇ ಹಿಂದಿರುಗುವ ಟಿಕೇಟನ್ನೂ ತೆಗೆಯುವಾಗ, ಕನಿಷ್ಠ ಒಂದು ವಾರವಾದರೂ ನಡುವೆ ಇರಲಿ. ಊರಿನ ಧರ್ಮಕೇಂದ್ರಗಳ ವಾಳೆಗಳು ಒಂಟಿ ಹಿರಿಯರ ಪಟ್ಟಿ ಮಾಡಿ, ವಾರಕ್ಕೊಮ್ಮೆ ಅವರೊಡನೆ ಜಪಸರ ಪ್ರಾರ್ಥನೆಗೆ ಕುಳಿತುಕೊಳ್ಳಲಿ. ಹಬ್ಬಕ್ಕೆ ಬರಲಾಗದ ಮಕ್ಕಳಿಗೆ ಆಶೀರ್ವದಿಸಿದ ತೆನೆಯನ್ನು ಅಂಚೆಯಲ್ಲಿ ಕಳುಹಿಸುವ ಸಂಪ್ರದಾಯ ನಮ್ಮಲ್ಲಿದೆ. ಕಳುಹಿಸುವ ಕೈಗಳು ನಡುಗುತ್ತಿರುವುದನ್ನು ಪಡೆಯುವವರು ನೆನೆಯಲಿ.

ಬಂಟ್ವಾಳದ ಬಳಿ ರೈಲು ನೇತ್ರಾವತಿಯನ್ನು ದಾಟುವಾಗ ಆ ಕುಟುಂಬ ಇಳಿಯಲು ಸಿದ್ಧವಾಗಿ ಬಾಗಿಲ ಬಳಿ ನಿಂತಿತ್ತು. ಮಗು ತಂದೆಯ ಅಂಗಿ ಜಗ್ಗಿ ಕೇಳಿತು: “ಪಪ್ಪಾ, ನಿಮ್ಮನ್ನು ಬೆಂಗಳೂರಿಗೆ ತಳ್ಳಿದ್ದು ಯಾರು?”

ಯುವಕ ನಮ್ಮತ್ತ ನೋಡಿದನು. ನಂತರ ಬಾಗಿ ಮಗಳ ಕಿವಿಯಲ್ಲಿ ಏನೋ ಹೇಳಿದನು. ನಮಗೆ ಕೇಳಿಸಲಿಲ್ಲ. ನಿಲ್ದಾಣದಲ್ಲಿ ಇಳಿದ ಮೇಲೆ, ರೈಲು ಹೊರಡುವ ಮುನ್ನ, ಆತ ಕಿಟಕಿಯ ಬಳಿ ಬಂದು ಹೇಳಿದನು: “ಫಾದರ್, ಹಬ್ಬದ ರಾತ್ರಿಯ ಟಿಕೇಟು ಕ್ಯಾನ್ಸಲ್ ಮಾಡ್ತೇನೆ. ಆಮೇಲೆ ಯಾವ ರೈಲಿನಲ್ಲಿ ಜಾಗ ಸಿಗ್ತದೋ ನೋಡುವ.”

ಬರುವ ಮೊಂತಿ ಹಬ್ಬಕ್ಕೆ ನಮ್ಮ ಮನೆಮನೆಗಳಲ್ಲಿಯೂ ಇಂತಹ ಒಂದೊಂದು ಟಿಕೇಟು ರದ್ದಾಗಲಿ ಎಂಬುದೇ ನಮ್ಮ ಪ್ರಾರ್ಥನೆ.